ಗಿಟಾರ್ ಶ್ರುತಿ ಸಿ ಶಾರ್ಪಿಗೆ ಇಳಿಸಿದ ಮ್ಯಾಲೆ ತಂತಿ ಜೋತು ಬೀಳಾಕತ್ತೈತಿ

ಹುಬ್ಬಳ್ಳಿ ರಿಫ್: 24.75 ಇಂಚ್ ಸ್ಕೇಲಿನ (ತಂತಿ ಮಿಡಿಯೋ ಉದ್ದ) ಗಿಟಾರ್, 9-42 ತಂತಿ (ತೆಳು ತಂತಿಯಿಂದ ದಪ್ಪ ತಂತಿತನಕ ದಪ್ಪ, ಇಂಚಿನ ಸಾವಿರದ ಲೆಕ್ಕದಾಗ). ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನ ಭಾರದ ದನಿ ಬೇಕಂತ ಮೂರು ಸೆಮಿಟೋನ್ (ಅರ್ಧ ಸ್ವರ) ಇಳಿಸೇನಿ. 6ನೇ ತಂತಿ ಝರ್ರ್ ಅಂತೈತಿ, ಜೋರಾಗಿ ಹೊಡೆದ್ರ ಸ್ವರ ಏರ್ತೈತಿ. ಏನ್ ಮಾಡ್ಬೇಕ್ರಿ?

ಧಾರವಾಡ ಡೂಮ್: 9ರ ಸೆಟ್ ಬಿಡ್ರಿ, 11-54 ಹಾಕ್ರಿ. ಆದ್ರ ನಟ್‌ನ (ನೆಕ್ ಅಂದ್ರ ಗಿಟಾರ್ ಕುತ್ತಿಗಿಯ ತುದಿಗೆ ತಂತಿ ಕೂರೋ ಪಟ್ಟಿ) ಕಚ್ಚು 42ಕ್ಕ ಕೊರೆದದ್ದು. 54 ಅದರಾಗ ಸಿಕ್ಕೊಂಡು ಟ್ಯೂನ್ ಮಾಡುವಾಗ ಟಿಂಗ್ ಅಂತ ಜಿಗಿತೈತಿ. ಫೈಲ್ ಹಿಡಿದು ಅಗಲ ಅಷ್ಟ ಮಾಡ್ರಿ, ಆಳ ಮಾಡಬ್ಯಾಡ್ರಿ. ಆಮ್ಯಾಲೆ 1ನೇ ಫ್ರೆಟ್ಟು (ನೆಕ್ ಮ್ಯಾಲಿನ ಲೋಹದ ಅಡ್ಡಪಟ್ಟಿ), ಕಡೀ ಫ್ರೆಟ್ಟು ಎರಡರ ಹತ್ರಾನೂ ತಂತಿ ಒತ್ತಿ ಹಿಡಿದು 8ನೇ ಫ್ರೆಟ್ಟಿಗೂ ತಂತಿಗೂ ನಡುವಿನ ಸಂದು ನೋಡ್ರಿ: 0.25 ಮಿ.ಮೀ. ಸಾಕು. ಸಂದು ಹೊಂದಿಸಾಕ ಟ್ರಸ್ ರಾಡ್ (ನೆಕ್ ಒಳಗಿನ ಸರಳು) ಒಮ್ಮೆಗೆ ಕಾಲು ಸುತ್ತು ಅಷ್ಟ ತಿರುವ್ರಿ. ನಮ್ಮ ಮಳಿಗಾಲದಾಗ ಕಟ್ಟಿಗಿ ತೇವ ಹೀರಿ ನೆಕ್ ಅಲುಗ್ತೈತಿ, ಶ್ರಾವಣದಾಗ ಮತ್ತೊಮ್ಮೆ ಅಳೀರಿ. 12ನೇ ಫ್ರೆಟ್‌ನಾಗ ತಂತಿ ಒತ್ತಿದ ಸ್ವರ ಅಲ್ಲಿನ ಹಾರ್ಮೋನಿಕ್‌ಗಿಂತ (ಒತ್ತದ ಬರೇ ಮುಟ್ಟಿ ಮೀಟಿದಾಗ ಬರೋ ಸ್ವರ) ಏರಿದ್ರ ಸ್ಯಾಡಲ್ (ಗಿಟಾರ್ ಮೈ ಮ್ಯಾಲೆ ತಂತಿ ಕೂರೋ ತುಣುಕು) ನೆಕ್‌ನಿಂದ ಹಿಂದಕ್ಕ ಸರಿಸ್ರಿ.

ಗದಗ ಫಜ್: ದಪ್ಪ ತಂತಿನ ಬೇಕಂತಿಲ್ರಿ. ಬ್ಲ್ಯಾಕ್ ಸಬ್ಬತ್ ಗಿಟಾರಿಸ್ಟ್ ಟೋನಿ ಐಯೋಮಿ ಎಡಚರು, ಅವರು ತಂತಿ ಒತ್ತೋ ಬಲಗೈಯ ಎರಡು ಬೆರಳ ತುದಿ ಕಾರ್ಖಾನಿಯೊಳಗ ತುಂಡಾಗಿದ್ವು. ಒತ್ತಾಕ ಹಗುರಾಗ್ಲಿ ಅಂತನ ತೆಳು ತಂತಿ ಹಾಕಿ ಶ್ರುತಿ ಇಳಿಸಿದ್ರು. ಆ ಭಾರ ಹುಟ್ಟಿದ್ದ ಆ ಸಡಿಲಿನಿಂದ! ಮೀಟು ಹಗುರ ಮಾಡ್ರಿ. ಆಂಪ್‌ನ ಗೇನ್ (ದನಿ ಒರಟು ಮಾಡೋ ಗುಂಡಿ) ಅರ್ಧಕ್ಕ ಇಳಸ್ರಿ. ಮಿಡ್ (ನಡುಮಟ್ಟದ ದನಿಯ ಗುಂಡಿ) ಮಾತ್ರ ಕಡಿಮಿ ಮಾಡಬ್ಯಾಡ್ರಿ, ಬೇಸ್ ಗಿಟಾರ್ ಕೂಡಿದ ಕೂಡಲೇ ರಿಫ್ ಮುಳುಗಿ ಹೋಗ್ತೈತಿ.