ಇರೋ ಕೆಲಸ ಬಿಟ್ಟು ಅಂಗವಿಕಲರ ಕೋಟಾ ನಂಬಿ ಓದಬಹುದಾ? ಅನುಭವ ಇದ್ದವರು ಹೇಳ್ರಿ

ಚನ್ನಗಿರಿ ಕಡೆಯವ: ತಂಗಿಗೆ ಕಿವಿ ಮಂದ. ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಗುರುತಿನ ಚೀಟಿ) ಶೇ. 45 ಇದೆ. ಬಿ.ಕಾಂ. ಆಗಿದೆ. ಅಂಗಡಿಯ ಲೆಕ್ಕ ಬರೆಯೋ ಕೆಲಸ ಬಿಟ್ಟು, ದಾವಣಗೆರೆಯಲ್ಲಿ ಪಿ.ಜಿ. ರೂಮು ಹಿಡಿದು ಎಸ್‌ಡಿಎ (ಸರ್ಕಾರಿ ದ್ವಿತೀಯ ದರ್ಜೆ ಸಹಾಯಕ) ಪರೀಕ್ಷೆಗೆ ಓದ್ತೀನಿ ಅಂತಾಳೆ. ಕಳಿಸಲಾ?

ಹೊಳಲ್ಕೆರೆ ಎಸ್‌ಡಿಎ: ಕಳಿಸ್ರಿ, ಎರಡು ಮಾತಿಲ್ಲ. ನಾನು ಬಲಗಾಲಿಗೆ ಕ್ಯಾಲಿಪರ್ (ಕಾಲಿಗೆ ಆಸರೆ ಕೊಡೋ ಪಟ್ಟಿ-ಸರಳು) ಹಾಕ್ಕೊಂಡೇ ನೌಕರಿ ತಗೊಂಡವನು. ಆದ್ರೆ ಆರ್ಡರ್ ಬಂದ ಮೇಲೂ ಖರ್ಚು ನಿಲ್ಲಲ್ಲ. ಸ್ಕೂಟಿಗೆ ಸೈಡ್ ವ್ಹೀಲ್ 16,500, ಅದನ್ನ ಆರ್‌ಸಿಗೆ ಏರಿಸೋ ಓಡಾಟ ಬೇರೆ. ಕ್ಯಾಲಿಪರ್ ಬೂಟು 3,800. ಬೇಸಿಗೆ ಬೆವರಿಗೆ ಚರ್ಮದ ಪಟ್ಟಿ ಹರಿದು ಮತ್ತೆ 650. ನನ್ನ ರೆಕಾರ್ಡ್ ರೂಮು ಮಹಡಿ ಮೇಲೆ, ಲಿಫ್ಟ್ ಇಲ್ಲ. ಫೈಲನ್ನ ಅಂಗಿಯೊಳಗೆ ಸಿಕ್ಕಿಸಿ, ಒಂದು ಕೈ ರೇಲಿಂಗಿಗೆ, ಒಂದು ಕೈ ಮೊಣಕಾಲಿಗೆ ಕೊಟ್ಟು ಇಳೀತೀನಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ನಮಗಂತಲೇ ಕುಂದುಕೊರತೆ ಅಧಿಕಾರಿ ಇರಬೇಕು. ಅರ್ಜಿ ಕೊಟ್ರೆ ‘ನಿಮ್ಮೊಬ್ಬರ ಸಲುವಾಗಿ ಕಟ್ಟಡ ಒಡೀಬೇಕಾ’ ಅಂದ್ರು. ಅಂದ್ರೆ ಅನ್ಲಿ, ಓದಿ ಗಳಿಸಿದ ಕುರ್ಚಿ ನಾನಂತೂ ಬಿಡಲ್ಲ.

ಜಗಳೂರಿನವ: ಸಿಕ್ಕವರು ಕಳಿಸ್ರಿ ಅಂತಲೇ ಅಂತಾರೆ. ನಂದೂ ಕಿವಿದೇ. ಸರ್ಟಿಫಿಕೇಟು ಶೇ. 42, ಆಯ್ಕೆ ಪಟ್ಟಿಯಲ್ಲಿ ಹೆಸರೂ ಬಂತು. ಮರುತಪಾಸಣೆಗೆ ಕರೆದ ಡಾಕ್ಟರ ಮಂಡಳಿ ಶೇ. 38 ಅಂತ ಬರೀತು. 40ರ ಕೆಳಗೆ ಇಳಿದ್ರೆ ಮೀಸಲಾತಿ ಇಲ್ಲ, ಮುಗೀತು ಕಥೆ. ಲೆಕ್ಕ ಕೇಳ್ರಿ: ಪಿ.ಜಿ. ತಿಂಗಳಿಗೆ 5,500, ಕೋಚಿಂಗ್ 18,000, ಕಿವಿ ಎಷ್ಟು ಕೇಳ್ತದೆ ಅಂತ ನೋಡೋ ಬೆರಾ ಟೆಸ್ಟು 2,500, ಬೆಂಗಳೂರಲ್ಲಿ ಲಾಡ್ಜು ದಿನಕ್ಕೆ 900, ವಕೀಲರಿಗೆ 25,000. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡು ಅದು. ಈಗ ಜೆರಾಕ್ಸ್ ಅಂಗಡಿ ಇಟ್ಟೀನಿ, ಯಾರ ಹಂಗೂ ಇಲ್ಲ.

ಹೊಳಲ್ಕೆರೆ ಎಸ್‌ಡಿಎ: ಸುಳ್ಳು ಸರ್ಟಿಫಿಕೇಟಿನವರು ನುಗ್ಗಿದ್ದಕ್ಕೇ ಮರುತಪಾಸಣೆ ಬಂದಿದ್ದು. ಅದನ್ನ ತಪ್ಪು ಅನ್ನೋಕಾಗಲ್ಲ.

ಜಗಳೂರಿನವ: ಯಾರಿಗ್ರಿ ಸುಳ್ಳು ಅಂತೀರಿ? ನಿಮ್ಮ ಕಾಲು ಎಲ್ಲರಿಗೂ ಕಾಣ್ತೈತಿ, ಯಾರೂ ಕೇಳಲ್ಲ. ನನ್ನ ಕಿವಿ ಕಾಣಲ್ಲ. ಪಾಸು ತೋರಿಸಿದ್ರೆ ಕಂಡಕ್ಟರು ಬೇಕಂತಲೇ ಮೆಲ್ಲಗೆ ಮಾತಾಡಿ ಪರೀಕ್ಷೆ ಮಾಡ್ತಾನೆ. ತುಟಿ ನೋಡಿ ಉತ್ತರ ಕೊಟ್ರೆ ‘ಕೇಳಿಸ್ತಲ್ಲ’ ಅಂತ ನಗ್ತಾನೆ. ಈಗ ನೀವೂ ಅದನ್ನೇ ಮಾಡ್ತಿದ್ದೀರಿ.

ಹರಿಹರದ ಟೀಚರ್: ಇಬ್ಬರೂ ಸುಮ್ನಿರ್ರಪ್ಪಾ. ನನಗೆ ದೃಷ್ಟಿ ಪೂರ್ತಿ ಇಲ್ಲ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಟೈಮು ಕೊಡ್ತಾರೆ, ಖರೇ. ಒಪ್ಪಿಕೊಂಡಿದ್ದ ಸ್ಕ್ರೈಬ್ (ನಮ್ಮ ಪರವಾಗಿ ಉತ್ತರ ಬರೆಯೋರು) ಹಿಂದಿನ ರಾತ್ರಿ ಕೈಕೊಟ್ರೆ ಆ ಟೈಮು ತಗೊಂಡು ಏನ್ ಮಾಡ್ಲಿ? ಗುರುತಿಲ್ಲದ ಹುಡುಗಿಗೆ 1,500 ಕೊಟ್ಟು, ಆಟೋಗೆ 240 ಕೊಟ್ಟು ಕರ್ಕೊಂಡು ಹೋದೆ. ಪಟ್ಟಿ ಇರೋ ಲೆಕ್ಕ ಓದಿ ಹೇಳೋಕೆ ಅವಳಿಗೆ ಬರ್ಲಿಲ್ಲ, ಅಂಥವೆಲ್ಲ ಬಿಟ್ವು. ಕೇಂದ್ರದ ಕಾಯ್ದೆ 1995ರ ಶೇ. 3ನ್ನ 2016ರಲ್ಲಿ ಶೇ. 4 ಮಾಡ್ತು. ಕಣ್ಣಿಗೆ 1, ಕಿವಿಗೆ 1, ಕೈಕಾಲಿಗೆ 1, ಉಳಿದ 1 ಆಟಿಸಂ, ಬುದ್ಧಿಮಾಂದ್ಯತೆ, ಬಹುವಿಕಲತೆ ಥರದವಕ್ಕೆ ಅಂತ ಹಂಚ್ತು. ಹುದ್ದೆ ಗುರುತಿಸುವಾಗ ಮಾತ್ರ ‘ಕಣ್ಣಿಲ್ಲದವರಿಗೆ ಆಗಲ್ಲ’ ಅಂತ ನಮ್ಮನ್ನೇ ಕೈಬಿಡ್ತಾರೆ. ಕಾಲಿನವರಿಗೆ ಎಲ್ಲಾ ಕಡೆ ಬಾಗಿಲು ತೆಗೆದೈತಿ.

ಹೊಳಲ್ಕೆರೆ ಎಸ್‌ಡಿಎ: ಮೇಡಂ, ಬಾಗಿಲು ತೆಗೆದೈತಿ ಅಂತೀರಲ್ಲ, ಮೆಟ್ಟಿಲು ಯಾರು ಹತ್ತಬೇಕು?

ಹರಿಹರದ ಟೀಚರ್: ಮೆಟ್ಟಿಲು ನಾನೂ ಹತ್ತೀನಿ, ಕೋಲು ಹಿಡ್ಕೊಂಡು. ಒಳಗೆ ಹೋದ ಮೇಲೆ ಕಂಪ್ಯೂಟರಿಗೆ ಪರದೆ ಓದಿ ಹೇಳೋ ಸ್ಕ್ರೀನ್ ರೀಡರ್ ಹಾಕಿಸಿಕೊಡಲ್ಲ, ಆ ಮಾತು ಆಡ್ರಿ.

ಚನ್ನಗಿರಿ ಕಡೆಯವ: ಅಣ್ಣಾ ಅಕ್ಕಾ, ತಂಗಿ ವಿಷಯ...

ಜಗಳೂರಿನವ: ಪಿ.ಜಿ.ಗೆ ಅಡ್ವಾನ್ಸ್ ಕೊಡೋ ಮೊದಲು ಬೆರಾ ಮಾಡಿಸ್ರಿ. 45 ಗಟ್ಟಿ ನಿಲ್ತದಾ ನೋಡ್ಕೊಳ್ರಿ. ಮತ್ತೆ ಹೊಳಲ್ಕೆರೆ ಸಾಹೇಬ್ರೇ, ಸುಳ್ಳು ಅಂದ ಮಾತು ವಾಪಸ್ ತಗೊಳ್ರಿ.