ಏರೋನಾಟಿಕಲ್ ವಿದ್ಯಾರ್ಥಿಗಳಿಗೆ ಸಾಲಿಡ್ ಮೆಕ್ಯಾನಿಕ್ಸ್: ಹೇಗೆ ಪಾಠ ಮಾಡುತ್ತೀರಿ?

ಕೇಳಿದವರು, ಹೊಸ ಉಪನ್ಯಾಸಕಿ:

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಮುಗಿಸಿ ಈ ವರ್ಷವಷ್ಟೇ ಕಾಲೇಜಿಗೆ ಸೇರಿದ್ದೇನೆ. ಮೂರನೆಯ ಸೆಮಿಸ್ಟರಿನ ಏರೋನಾಟಿಕಲ್ ತರಗತಿಗೆ ಸಾಲಿಡ್ ಮೆಕ್ಯಾನಿಕ್ಸ್ (ಘನವಸ್ತುಗಳು ಭಾರ ಹೊರುವ, ಬಾಗುವ, ಮುರಿಯುವ ಬಗೆ) ನನ್ನ ಪಾಲಿಗೆ ಬಂದಿದೆ. ಅರವತ್ತು ಮಂದಿ, ಎಲ್ಲರೂ ವಿಮಾನದ ಆಸೆಗೆ ಬಂದವರು. ನಾನು ಒಂದು ತೊಲೆ ಬರೆದು, ಎರಡು ಕಡೆ ಆಧಾರ ಕೊಟ್ಟು, ನಡುವೆ ಭಾರ ಇಟ್ಟರೆ "ಮೇಡಂ, ಇದು ಸಿವಿಲ್‌ನವರದ್ದಲ್ಲವೇ?" ಎನ್ನುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳ ಲೆಕ್ಕವನ್ನು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ವಸ್ತುವಿನೊಳಗಿನ ಬಲಗಳನ್ನು ತೋರಿಸುವ ಮೋರ್ ವೃತ್ತವನ್ನು ಕೈವಾರ ಹಿಡಿದು ಅಂದವಾಗಿ ಬರೆಯುತ್ತಾರೆ. ಅದರ ಮೇಲಿನ ಒಂದು ಬಿಂದು ಏನನ್ನು ಹೇಳುತ್ತದೆ ಎಂದು ಕೇಳಿದರೆ ಎಲ್ಲರೂ ಪುಸ್ತಕದತ್ತ ಬಗ್ಗುತ್ತಾರೆ. ಅನುಭವವಿದ್ದವರು ದಾರಿ ತೋರಿಸಿ.

ಹದಿನೇಳು ವರ್ಷದಿಂದ ಇದೇ ವಿಷಯ ಕಲಿಸುತ್ತಿರುವವರು:

ಮೇಡಂ, ನಾನೂ ಮೊದಲ ನಾಲ್ಕು ವರ್ಷ ಪುಸ್ತಕದ ಕ್ರಮದಲ್ಲೇ ಹೋದೆ. ಸರಳು ಎಳೆಯುವುದರಿಂದ ಆರಂಭ, ತೆಳುಗೋಡೆಯ ಸಿಲಿಂಡರ್ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿಯುತ್ತಿತ್ತು. ಈಗ ಆ ಸಿಲಿಂಡರನ್ನೇ ಮೊದಲ ವಾರಕ್ಕೆ ತಂದಿದ್ದೇನೆ. ಪ್ರಯಾಣಿಕರ ವಿಮಾನದ ಒಡಲು ಬೇರೇನೂ ಅಲ್ಲ, ಗಾಳಿ ತುಂಬಿದ ತೆಳು ಡಬ್ಬಿ. ಬೋರ್ಡಿನ ಮೇಲೆ ಮೂರೇ ಸಂಖ್ಯೆ ಬರೆಯುತ್ತೇನೆ. ಒಳಗೂ ಹೊರಗೂ ಇರುವ ಗಾಳಿಯ ಒತ್ತಡದ ವ್ಯತ್ಯಾಸ ಸುಮಾರು 50 ಕಿಲೋಪಾಸ್ಕಲ್, ತ್ರಿಜ್ಯ 1.9 ಮೀಟರ್, ತಗಡಿನ ದಪ್ಪ 1 ಮಿಲಿಮೀಟರ್. ಸುತ್ತಳತೆಯ ದಿಕ್ಕಿನ ಸ್ಟ್ರೆಸ್, ಅಂದರೆ ತಗಡಿನೊಳಗೆ ಪ್ರತಿ ಚದರ ಅಳತೆಗೆ ಬೀಳುವ ಬಲ, 95 ಮೆಗಾಪಾಸ್ಕಲ್ ಬರುತ್ತದೆ, ಉದ್ದದ ದಿಕ್ಕಿನಲ್ಲಿ ಅದರ ಅರ್ಧ. ತಗಡಿನ ಅಲ್ಯುಮಿನಿಯಂ ಮಿಶ್ರಲೋಹ ಸುಮಾರು 300ರವರೆಗೂ ಬಗ್ಗದೆ ತಡೆಯುತ್ತದೆ. ಎಲ್ಲರ ಮುಖದಲ್ಲೂ ಸಮಾಧಾನ. ಆಗ ತಗಡಿಗೆ ಒಂದು ರಿವೆಟ್ ತೂತು ಕೊರೆಯುತ್ತೇನೆ.

ಒಂದು ವರ್ಷ ಇಲ್ಲಿ ನಾನೇ ಸಿಕ್ಕಿಬಿದ್ದೆ. ದುಂಡು ತೂತಿನ ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟು, ಹಾಗಾಗಿ 285 ಎಂದು ಬರೆದೆ. ಹಿಂದಿನ ಬೆಂಚಿನ, ಅಷ್ಟೇನೂ ಮಾತನಾಡದ ಹುಡುಗಿಯೊಬ್ಬಳು ಎದ್ದು, "ಸರ್, ಎರಡು ದಿಕ್ಕಿನಲ್ಲೂ ಎಳೆಯುತ್ತಿದೆಯಲ್ಲ, ಇನ್ನೊಂದು ದಿಕ್ಕಿನ ಎಳೆತ ಅದೇ ಜಾಗವನ್ನು ಅದುಮುವುದಿಲ್ಲವೇ?" ಎಂದಳು. ಅವಳದೇ ಸರಿ. ಮೂರು ಪಟ್ಟು 95ರಿಂದ 47.5 ಕಳೆಯಬೇಕು, 237.5. ಎರಡೂವರೆ ಪಟ್ಟು ಮಾತ್ರ. ನಾನು ಅಳಿಸಿ ತಿದ್ದಿದೆ. ಆ ದಿನ ಉಳಿದ ಅರ್ಧ ತಾಸು ತರಗತಿಯೇ ನನ್ನನ್ನು ಎಳೆದುಕೊಂಡು ಹೋಯಿತು. ದುಂಡಿನ ಬದಲು ಅಂಡಾಕಾರ ಮಾಡಿದರೆ? ಉದ್ದ ಅಗಲದ ಎರಡರಷ್ಟಿದ್ದು, ಉದ್ದನೆಯ ಅಕ್ಷವನ್ನು ಸುತ್ತಳತೆಯ ದಿಕ್ಕಿಗೆ ನಿಲ್ಲಿಸಿದರೆ ಅಂಚಿನ ಸುತ್ತಲೂ ಸ್ಟ್ರೆಸ್ ಒಂದೇ ಸಮ, ಒಂದೂವರೆ ಪಟ್ಟು. ವಿಮಾನದ ಪಕ್ಕದಲ್ಲಿ ಸುತ್ತಳತೆಯ ದಿಕ್ಕೆಂದರೆ ಮೇಲೆ ಕೆಳಗೆ. ಕಿಟಕಿಗಳು ಅಗಲಕ್ಕಿಂತ ಎತ್ತರವಾಗಿ ಏಕಿವೆ ಎಂದು ನಾನು ಹೇಳಬೇಕಾಗಿಯೇ ಬರಲಿಲ್ಲ, ಮೂರ್ನಾಲ್ಕು ಮಂದಿ ಒಟ್ಟಿಗೇ ಕೂಗಿದರು. ಕಿಟಕಿಯ ಆಕಾರಕ್ಕೆ ಬೇರೆ ಕಾರಣಗಳೂ ಇವೆ, ಅದನ್ನು ಆಮೇಲೆ ಹೇಳಿದೆ.

ಆದರೆ 237.5 ಕೂಡ 300ಕ್ಕಿಂತ ಕಡಿಮೆಯೇ. ಹಾಗಾದರೆ ತಗಡು ಹರಿಯುವುದೇಕೆ? ಇಲ್ಲಿಗೆ ಅಲೋಹಾ ಏರ್‌ಲೈನ್ಸ್ ತರುತ್ತೇನೆ. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ನಡುವೆ ಹಾರುತ್ತಿದ್ದ ಬೋಯಿಂಗ್ 737ರ ಮುಂಭಾಗದ ಛಾವಣಿ ಆಕಾಶದಲ್ಲೇ ಕಿತ್ತುಹೋಯಿತು. ಗಗನಸಖಿಯೊಬ್ಬರು ಹೊರಗೆ ಸೆಳೆಯಲ್ಪಟ್ಟು ಜೀವ ಕಳೆದುಕೊಂಡರು. ಪೈಲಟ್‌ಗಳು ಉಳಿದ ಭಾಗವನ್ನು ಮಾವಿ ದ್ವೀಪದಲ್ಲಿ ಇಳಿಸಿದರು. ಆ ವಿಮಾನ ಅಷ್ಟರಲ್ಲಿ 89,680 ಬಾರಿ ಹಾರಿತ್ತು. ದ್ವೀಪದಿಂದ ದ್ವೀಪಕ್ಕೆ ಚಿಕ್ಕ ಚಿಕ್ಕ ಹಾರಾಟ, ಪ್ರತಿ ಸಲವೂ ಡಬ್ಬಿ ಉಬ್ಬಬೇಕು, ಇಳಿಯಬೇಕು. ತಗಡುಗಳು ಒಂದರ ಮೇಲೊಂದು ಕೂರುವ ಜೋಡಣೆಯಲ್ಲಿ ಅಂಟು ಬಿಟ್ಟಿತ್ತು, ತುಕ್ಕು ಹಿಡಿದಿತ್ತು, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದಿತ್ತು. ಸಾಲು ತೂತುಗಳ ಕೂದಲೆಳೆ ಬಿರುಕುಗಳು ಒಂದನ್ನೊಂದು ಕೂಡಿಕೊಂಡವು. ಆಕಾಶದಲ್ಲೇ ಒಡೆದುಹೋದ ಕಾಮೆಟ್ ಎಂಬ ಹಳೆಯ ಜೆಟ್ ವಿಮಾನದ ಕಥೆಯೂ ಇದೆಯಲ್ಲ ಎನ್ನಬಹುದು. ಅದನ್ನು "ಚೌಕ ಕಿಟಕಿ" ಎಂಬ ಎರಡು ಪದದಲ್ಲಿ ಮುಗಿಸಿಬಿಡುವ ಅಭ್ಯಾಸ ನಮಗಿದೆ. ಅದರ ಕಿಟಕಿಯ ಮೂಲೆಗಳೂ ದುಂಡಗೇ ಇದ್ದವು, ಆ ದುಂಡು ಸಾಲಲಿಲ್ಲ.

ಇಷ್ಟು ಕೇಳಿದ ಮೇಲೆ ಸರಳು ಎಳೆಯುವ ಪಾಠಕ್ಕೆ ಬಂದರೆ ಯಾರೂ ಗೊಣಗುವುದಿಲ್ಲ.

ನಿವೃತ್ತ ಪ್ರಾಧ್ಯಾಪಕರು, ಸಿವಿಲ್:

ಆ ಮಕ್ಕಳು ದೂರುವ ಸಿವಿಲ್‌ನವನು ನಾನೇ. ಮೇಲಿನವರ ಉತ್ಸಾಹ ಸಂತೋಷ ಕೊಟ್ಟಿತು, ಆದರೆ ಮೊದಲ ವಾರದಲ್ಲೇ ತೂತು, ಬಿರುಕು ಎಲ್ಲ ಬಡಿಸಿದರೆ ಸಾಧಾರಣ ವಿದ್ಯಾರ್ಥಿಗೆ ಅಜೀರ್ಣವಾಗುತ್ತದೆ. ತೊಲೆಯನ್ನು ಬಿಡಬೇಡಿ, ತಿರುಗಿಸಿ. ಒಂದು ತುದಿಯನ್ನು ಗೋಡೆಗೆ ಕಟ್ಟಿ, ಭಾರವನ್ನು ಕೆಳಗಿನಿಂದ ಮೇಲಕ್ಕೆ ಬರೆಯಿರಿ. ಅದೇ ರೆಕ್ಕೆ. ನಂತರ ಇಂಧನದ ತೂಕವನ್ನು ಅದೇ ರೆಕ್ಕೆಯೊಳಗೆ ಕೆಳಮುಖವಾಗಿ ಇಟ್ಟು, ಬುಡದ ಬಾಗು ಭ್ರಮಣಾಂಕ (ಬುಡವನ್ನು ಬಾಗಿಸುವ ಪರಿಣಾಮದ ಅಳತೆ) ಎಷ್ಟು ಇಳಿಯಿತು ಎಂದು ಕೇಳಿ. ಇಂಧನವನ್ನು ಹೊಟ್ಟೆಯಲ್ಲಿ ಇಡದೆ ರೆಕ್ಕೆಯಲ್ಲಿ ಇಡುವುದರ ಲಾಭ ಆ ಒಂದು ರೇಖಾಚಿತ್ರದಲ್ಲೇ ಕಾಣುತ್ತದೆ. ಇಂಥ ಇಪ್ಪತ್ತು ಲೆಕ್ಕ ಕೈಯಲ್ಲಿ ಮಾಡಿಸಿ.

ವಿಮಾನ ಕಂಪನಿಯೊಂದರ ಸ್ಟ್ರೆಸ್ ವಿಭಾಗದಲ್ಲಿ ಇರುವವರು:

(ಸ್ಟ್ರೆಸ್ ವಿಭಾಗ ಎಂದರೆ ನಮ್ಮ ಮನೆಯವರು ಇಂದಿಗೂ ಮರುಕ ಪಡುತ್ತಾರೆ.)

ಹೊಸದಾಗಿ ಸೇರುವವರಿಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತದೆ. ಕಳೆದ ವರ್ಷ ಒಬ್ಬ ಹುಡುಗ ಅಂಗೈ ಅಗಲದ ಅಲ್ಯುಮಿನಿಯಂ ಬ್ರಾಕೆಟ್ಟಿನ ಬಣ್ಣದ ಚಿತ್ರ ತಂದ. ಮೂಲೆಯಲ್ಲಿ ಕೆಂಪು ಚುಕ್ಕೆ, 4,000 ಮೆಗಾಪಾಸ್ಕಲ್. ಅವನ ಮುಖದಲ್ಲಿ ಗಾಬರಿಯ ಸುಳಿವೂ ಇಲ್ಲ. "ಇದರ ಮೇಲೆ ಎಷ್ಟು ಭಾರ ಬರುತ್ತದೆ?" ಎಂದೆ. ಮತ್ತೆ ಕಂಪ್ಯೂಟರ್ ತೆರೆಯಲು ಹೋದ. ಕಾಗದ ಕೊಟ್ಟು, ಬ್ರಾಕೆಟ್ಟನ್ನು ಬೋಲ್ಟುಗಳಿಂದ ಬಿಡಿಸಿ ಬರೆ, ಬಾಣ ಹಾಕು ಎಂದೆ. ಹತ್ತು ನಿಮಿಷದಲ್ಲಿ ಅವನಿಗೇ ಗೊತ್ತಾಯಿತು, ಬರಬೇಕಾದದ್ದು 60ರ ಆಸುಪಾಸು. ಚೂಪು ಮೂಲೆಯ ಒಂದು ಬಿಂದುವಿಗೆ ಇಡೀ ಹಿಡಿತವನ್ನು ಕಟ್ಟಿದ್ದ. ಮೇಡಂ, ಫ್ರೀ ಬಾಡಿ ಚಿತ್ರ ಬರೆಯದ ಉತ್ತರಕ್ಕೆ ಅಂಕ ಕೊಡಬೇಡಿ, ಉತ್ತರ ಸರಿಯಿದ್ದರೂ.

ಇನ್ನೊಂದು ಪ್ರಶ್ನೆ ಸಂದರ್ಶನದಲ್ಲಿ ನಾನು ಕೇಳುವಂಥದ್ದು. ಯಂಗ್ ಗುಣಾಂಕವನ್ನು (ವಸ್ತುವಿನ ಬಿಗಿತದ ಅಳತೆ) ಸಾಂದ್ರತೆಯಿಂದ ಭಾಗಿಸಿದರೆ ಉಕ್ಕು, ಅಲ್ಯುಮಿನಿಯಂ ಹೆಚ್ಚುಕಡಿಮೆ ಒಂದೇ: 200ಕ್ಕೆ 7.8, 70ಕ್ಕೆ 2.7. ಹಾಗಿದ್ದರೆ ವಿಮಾನಕ್ಕೆ ಉಕ್ಕಿನ ತಗಡು ಏಕಿಲ್ಲ? ಹೆಚ್ಚಿನವರು "ಅಲ್ಯುಮಿನಿಯಂ ಹಗುರ" ಎಂದು ಅಲ್ಲಿಗೇ ನಿಲ್ಲುತ್ತಾರೆ. ಅದೇ ತೂಕಕ್ಕೆ ಅಲ್ಯುಮಿನಿಯಂ ತಗಡು ಸುಮಾರು 2.9 ಪಟ್ಟು ದಪ್ಪ ಸಿಗುತ್ತದೆ. ಬಾಗುವಿಕೆಯ ಬಿಗಿತ ದಪ್ಪದ ಘನದಂತೆ ಏರುವುದರಿಂದ, ಗುಣಾಂಕ ಸುಮಾರು ಮೂರನೇ ಒಂದರಷ್ಟೇ ಇದ್ದರೂ, ಎಂಟು ಪಟ್ಟಿಗಿಂತ ಹೆಚ್ಚು ಬಿಗಿ. ಅದುಮಿದಾಗ ಸುಕ್ಕುಗಟ್ಟಿ ಕುಸಿಯುವುದು ಅಷ್ಟು ತಡವಾಗುತ್ತದೆ. ಈ ಲೆಕ್ಕಕ್ಕೆ ನಾಲ್ಕು ಸಾಲು ಸಾಕು.

ಡಿಪ್ಲೊಮಾ ಮುಗಿಸಿ ಎರಡನೆಯ ವರ್ಷಕ್ಕೆ ನೇರವಾಗಿ ಸೇರಿದ್ದವರು:

ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮ. ನನಗೆ ತೊಡಕಾದದ್ದು ಗಣಿತವಲ್ಲ, ಒಂದು ಪದ. ನನ್ನ ತಲೆಯಲ್ಲಿ ಟೈರಿನ ಗಾಳಿಗೂ ಒತ್ತಡ, ಸ್ಟ್ರೆಸ್‌ಗೂ ಒತ್ತಡ. ಗಾಳಿಯ ಒತ್ತಡ ಎಲ್ಲ ದಿಕ್ಕಿಗೂ ಒಂದೇ. ಸ್ಟ್ರೆಸ್ ಹೇಳಬೇಕಾದರೆ ಯಾವ ಮುಖದ ಮೇಲೆ, ಯಾವ ದಿಕ್ಕಿಗೆ ಎಂದು ಎರಡು ಮಾತು ಬೇಕು. ಇದನ್ನು ನಮ್ಮ ಗುರುಗಳು ಒಂದು ಸೋಪಿನ ಬಿಲ್ಲೆಯನ್ನು ಓರೆಯಾಗಿ ಕತ್ತರಿಸಿ, ಕತ್ತರಿಸಿದ ಮುಖದ ಮೇಲೆ ಬೆರಳಿಟ್ಟು ತೋರಿಸಿದ ದಿನ ಮೋರ್ ವೃತ್ತ ಅರ್ಥವಾಯಿತು. ವೃತ್ತದ ಒಂದೊಂದು ಬಿಂದುವೂ ಒಂದೊಂದು ಕತ್ತರಿಸಿದ ಮುಖ. ಕನ್ನಡದಲ್ಲಿ ಒಮ್ಮೆ ಹೇಳಿಬಿಡಿ ಮೇಡಂ.

ಬೆಂಗಳೂರಿಗೆ ಹತ್ತಿರವಿದ್ದರೆ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. 1961ರಲ್ಲಿ ಮೊದಲ ಹಾರಾಟ ಕಂಡ ಮಾರುತ್ ಮಾದರಿಯ ಯುದ್ಧವಿಮಾನವೊಂದು ಅಲ್ಲಿದೆ. ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳಲಿ, ಆಮೇಲೆ ರಿವೆಟ್ ಸಾಲುಗಳನ್ನು ನೋಡಿ ತಗಡಿನ ಹಿಂದೆ ಎಲ್ಲೆಲ್ಲಿ ಪಟ್ಟಿಗಳಿವೆ ಎಂದು ಊಹಿಸಿ ಬರೆಯಲಿ.

ಹದಿನೇಳು ವರ್ಷದಿಂದ ಕಲಿಸುತ್ತಿರುವವರು, ಮತ್ತೆ:

ಒಂದು ಬಿಟ್ಟುಹೋಗಿತ್ತು. ಅಡುಗೆಮನೆಯ ಫಾಯಿಲ್ ಸುತ್ತಿ ಬರುವ ರಟ್ಟಿನ ಕೊಳವೆ ಎರಡು ತನ್ನಿ. ಒಂದನ್ನು ಉದ್ದಕ್ಕೆ ಸೀಳಿ. ಎರಡನ್ನೂ ತಿರುಚಲು ಕೊಡಿ. ತ್ರಿಜ್ಯ ದಪ್ಪದ ಹತ್ತರಷ್ಟಿದ್ದರೆ ಮುಚ್ಚಿದ ಕೊಳವೆ ಸೀಳಿದ್ದಕ್ಕಿಂತ 300 ಪಟ್ಟು ಬಿಗಿ ಎಂದು ಸೂತ್ರ ಹೇಳುತ್ತದೆ. ಕೈ ಅದನ್ನು ಸೂತ್ರಕ್ಕಿಂತ ಮೊದಲೇ ಹೇಳುತ್ತದೆ. ಚಾಕ್‌ಪೀಸ್ ತಿರುಚಿ ಮುರಿಯುವುದನ್ನೂ ಮರೆಯಬೇಡಿ.

ಕೇಳಿದವರು, ಎರಡು ವಾರದ ನಂತರ:

ಎಲ್ಲರಿಗೂ ಧನ್ಯವಾದ. ನಮ್ಮಲ್ಲಿ ಎಲ್ಲ ಬಿಳಿ ಬೋರ್ಡು, ಇಡೀ ಕಾಲೇಜಿನಲ್ಲಿ ಒಂದು ಚಾಕ್‌ಪೀಸ್ ಸಿಗಲಿಲ್ಲ. ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಒಂದು ಪೆಟ್ಟಿಗೆ ಕೇಳಿ ತಂದೆ. ಅರವತ್ತು ಮಂದಿಯೂ ತಿರುಚಿದರು. ಮುರಿದ ಮುಖ 45 ಡಿಗ್ರಿ ಓರೆಯಲ್ಲಿ ಸುರುಳಿಯಾಗಿ ಬಂತು. ಒಬ್ಬ ಎಡಗೈಯವನದು ಮಾತ್ರ ಎದುರು ದಿಕ್ಕಿಗೆ ಸುತ್ತಿತ್ತು, ಅದನ್ನು ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದರು. ತರಗತಿ ಮುಗಿದ ಮೇಲೆ ಡಿಪ್ಲೊಮಾದಿಂದ ಬಂದ ಹುಡುಗನೊಬ್ಬ ಮೇಜಿನ ಬಳಿ ನಿಂತ. ಅವನು ಹಿಂದೆ ಪ್ರಯೋಗಾಲಯದಲ್ಲಿ ಮೆದು ಉಕ್ಕಿನ ಸರಳನ್ನು ತಿರುಚಿ ಮುರಿದಿದ್ದನಂತೆ. "ಅದು ಅಡ್ಡಕ್ಕೆ, ಚಾಕುವಿನಿಂದ ಕೊಯ್ದಂತೆ ಚಪ್ಪಟೆಯಾಗಿ ಮುರಿಯಿತು ಮೇಡಂ. ಚಾಕ್‌ಪೀಸ್ ಏಕೆ ಹೀಗೆ?" ನನ್ನ ನಾಲಿಗೆಯ ತುದಿಯಲ್ಲಿ ಉತ್ತರವಿತ್ತು. ಹೇಳಲಿಲ್ಲ. ನಾಳೆ ಎರಡಕ್ಕೂ ಮೋರ್ ವೃತ್ತ ಬರೆದುಕೊಂಡು ಬಾ ಎಂದು ಕಳುಹಿಸಿದ್ದೇನೆ.