1,400 ಮೆಗಾವ್ಯಾಟ್ ಗ್ರಿಡ್‌ಗೆ 450ರ ಗ್ಯಾಸ್ ಸ್ಥಾವರ ಸರಿಯೇ?

ಯೋಜನಾ_ಲೆಕ್ಕ:
ಚರ್ಚೆಗೆ ಒಂದು ಮಾದರಿ ಇಡುತ್ತೇನೆ. ಅಭಿವೃದ್ಧಿಶೀಲ ದೇಶ. ಸಂಜೆಯ ಪೀಕ್ 1,400 ಮೆಗಾವ್ಯಾಟ್, ರಾತ್ರಿಯ ಕನಿಷ್ಠ ಬೇಡಿಕೆ 700. ಅರ್ಧದಷ್ಟು ಜಲವಿದ್ಯುತ್. ಸ್ವಂತ ಗ್ಯಾಸ್ ಇಲ್ಲ, ಎಲ್‌ಎನ್‌ಜಿ (ದ್ರವ ಮಾಡಿದ ನೈಸರ್ಗಿಕ ಅನಿಲ) ಹಡಗಿನಲ್ಲಿ ತರಿಸಬೇಕು. 300ರ ಒಂದು ಗ್ಯಾಸ್ ಟರ್ಬೈನ್, ಅದರ ಬಿಸಿ ಹೊಗೆಯಿಂದ ನಡೆಯುವ 150ರ ಸ್ಟೀಮ್ ಟರ್ಬೈನ್, ಒಟ್ಟು 450ರ ಕಂಬೈನ್ಡ್ ಸೈಕಲ್ ಹಾಕುವುದೇ ಲೇಸು ಅನ್ನುತ್ತೇನೆ. ದಕ್ಷತೆ ಶೇ. 55. ಗ್ಯಾಸ್ ಎಂಎಂಬಿಟಿಯುಗೆ (ಗ್ಯಾಸ್ ಮಾರುವ ಶಾಖದ ಅಳತೆ) 10 ಡಾಲರ್ ಇದ್ದರೆ ಯೂನಿಟ್‌ಗೆ ಇಂಧನದ ಖರ್ಚು 6.2 ಸೆಂಟ್.

ಗ್ಯಾಸ್‌ಲೈನ್:
ಸರ್, ಆ ಶೇ. 55 ತಯಾರಕರ ಕೈಪಿಡಿಯ ಅಂಕಿ, ಲೋವರ್ ಹೀಟಿಂಗ್ ವ್ಯಾಲ್ಯೂ ಮೇಲೆ, ಅಂದರೆ ಹೊಗೆಯ ನೀರಾವಿಯಲ್ಲಿ ಹೋಗುವ ಶಾಖವನ್ನು ಬಿಟ್ಟು ಹಾಕಿದ್ದು. ಗ್ಯಾಸ್ ಬಿಲ್ ಬರುವುದು ಆ ಶಾಖವನ್ನೂ ಸೇರಿಸಿದ ಹೈಯರ್ ಹೀಟಿಂಗ್ ವ್ಯಾಲ್ಯೂ ಮೇಲೆ. ಎರಡಕ್ಕೂ ಸುಮಾರು ಶೇ. 11 ವ್ಯತ್ಯಾಸ. ನಿಮ್ಮ 6.2 ನಿಜವಾಗಿ 6.9. ದರ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಇದು ಗೊತ್ತಾದರೆ ತಿದ್ದಲು ದಾರಿಯೇ ಇರುವುದಿಲ್ಲ.

ಯೋಜನಾ_ಲೆಕ್ಕ:
6.9 ಇಟ್ಟುಕೊಳ್ಳೋಣ. ಸ್ಟೀಮ್ ಟರ್ಬೈನ್ ಇಲ್ಲದೆ ಗ್ಯಾಸ್ ಟರ್ಬೈನ್ ಮಾತ್ರ ಇರುವ, ಶೇ. 38 ದಕ್ಷತೆಯ ಓಪನ್ ಸೈಕಲ್‌ಗೆ ಅದೇ ಲೆಕ್ಕದಲ್ಲಿ 10 ಸೆಂಟ್ ಆಗುತ್ತದಲ್ಲ. ಬಡ ದೇಶ ಇಷ್ಟು ಅಂತರವನ್ನು ಹೇಗೆ ಬಿಟ್ಟುಕೊಡುತ್ತದೆ?

ಗ್ರಿಡ್_ಪಾಳಿ:
ಅಂತರ ಉಳಿಯುವುದು ಗ್ರಿಡ್ ನಿಂತಿದ್ದರೆ ತಾನೇ. ಇರುವುದು ಒಂದೇ ಗ್ಯಾಸ್ ಟರ್ಬೈನ್. ಅದು ಟ್ರಿಪ್ ಆದರೆ (ಹಠಾತ್ತನೆ ನಿಂತರೆ) ಹಬೆಯೂ ನಿಲ್ಲುತ್ತದೆ, 450 ಪೂರ್ತಿ ಹೋಗುತ್ತದೆ. ರಾತ್ರಿ 700 ಬೇಡಿಕೆಯಲ್ಲಿ ಇದನ್ನೇ ನೋಡಿ. ಗ್ರಿಡ್‌ಗೆ ಸೇರಿಕೊಂಡು ತಿರುಗುತ್ತಿರುವ ಯಂತ್ರಗಳು 900 ಎಂವಿಎ (ಯಂತ್ರಗಳ ಸಾಮರ್ಥ್ಯದ ಅಳತೆ), ಅವುಗಳ ಜಡತ್ವ ಸ್ಥಿರಾಂಕ (ತಿರುಗುವ ಭಾಗಗಳಲ್ಲಿರುವ ಶಕ್ತಿ ಎಷ್ಟು ಸೆಕೆಂಡಿನ ಪೂರ್ಣ ಉತ್ಪಾದನೆಗೆ ಸಮ ಎಂಬುದು) 4 ಸೆಕೆಂಡ್ ಎಂದಿಟ್ಟುಕೊಂಡರೂ 50 ಹರ್ಟ್ಸ್‌ನಲ್ಲಿ ನಿಲ್ಲಬೇಕಾದ ಫ್ರೀಕ್ವೆನ್ಸಿ ಸೆಕೆಂಡಿಗೆ 3 ಹರ್ಟ್ಸ್ ಹಾಗೆ ಕುಸಿಯುತ್ತದೆ. ಕುಸಿತವನ್ನು ರಿಲೇ ಗ್ರಹಿಸಿ, ಕೆಲವು ಬಳಕೆದಾರರ ಲೈನ್ ಕಡಿಯಲು ಬ್ರೇಕರ್ ತೆರೆಯುವ ಹೊತ್ತಿಗೆ 0.2ರಿಂದ 0.3 ಸೆಕೆಂಡ್ ಹೋಗಿರುತ್ತದೆ. ಲೋಡ್ ಶೆಡ್ಡಿಂಗ್‌ನ ಮೊದಲ ಹಂತ ಕೆಲಸ ಮುಗಿಸುವಷ್ಟರಲ್ಲಿ ಇನ್ನೂ ಹೆಚ್ಚುಕಡಿಮೆ ಒಂದು ಹರ್ಟ್ಸ್ ಇಳಿದಾಗಿದೆ. ಉಳಿದ ಯಂತ್ರಗಳೂ ಒಂದರ ಹಿಂದೊಂದು ಕಳಚಿಕೊಳ್ಳುತ್ತವೆ. ಒಂದೇ ಏಟಿಗೆ ನಿಲ್ಲಬಹುದಾದ ಒಂದು ಘಟಕ ಆ ಹೊತ್ತಿನ ಬೇಡಿಕೆಯ ಹತ್ತನೇ ಒಂದು ಭಾಗ ಮೀರಬಾರದು ಅನ್ನುವುದು ಇದಕ್ಕೇ.

ಯೋಜನಾ_ಲೆಕ್ಕ:
ರಾತ್ರಿ ಅರ್ಧ ಲೋಡಿಗೆ ಇಳಿಸಿ ನಡೆಸಬಹುದಲ್ಲವೇ?

ಗ್ರಿಡ್_ಪಾಳಿ:
ಇಳಿಸಿದರೂ 225. 700ರ ಹತ್ತನೇ ಒಂದು ಭಾಗವಾದ ಎಪ್ಪತ್ತರ ಜಾಗದಲ್ಲಿ ಇನ್ನೂರಿಪ್ಪತ್ತೈದು. ಅದಕ್ಕಿಂತ ಕೆಳಗೆ ಹೋದರೆ ಬರ್ನರ್‌ಗಳು ಕಡಿಮೆ ನೈಟ್ರೋಜನ್ ಆಕ್ಸೈಡ್ ವಿಧಾನದಲ್ಲಿ ನಿಲ್ಲುವುದಿಲ್ಲ. ಅರ್ಧ ಲೋಡಿನಲ್ಲಿ ನೀವು ಹೇಳಿದ ದಕ್ಷತೆಯೂ ಸಿಗುವುದಿಲ್ಲ.

ಟರ್ಬೈನ್_ಪಾಲಕ:
450 ಎಂಬುದೇ 15 ಡಿಗ್ರಿ ತಾಪಮಾನ, ಸಮುದ್ರ ಮಟ್ಟದ ಅಂಕಿ. ಜಾಗ 600 ಮೀಟರ್ ಎತ್ತರದಲ್ಲಿದ್ದು ಮಧ್ಯಾಹ್ನ 35 ಡಿಗ್ರಿ ಆದರೆ, 300ರ ಗ್ಯಾಸ್ ಟರ್ಬೈನ್ 245ರ ಆಸುಪಾಸು ಕೊಡುತ್ತದೆ. ಪ್ರತಿ ಡಿಗ್ರಿಗೆ ಶೇ. 0.6, ಪ್ರತಿ 100 ಮೀಟರಿಗೆ ಶೇ. 1ಕ್ಕಿಂತ ಸ್ವಲ್ಪ ಹೆಚ್ಚು ಇಳಿಕೆ. ಟೆಂಡರ್‌ನಲ್ಲಿ ಖಾತರಿ ಕೇಳಬೇಕಾದ್ದು ಈ ಸ್ಥಳದ ಅಂಕಿಗೆ.

ಎಂಜಿನ್_ಕೊಠಡಿ:
ಹಾಗಿದ್ದರೆ 18 ಮೆಗಾವ್ಯಾಟ್‌ನ ಗ್ಯಾಸ್ ಎಂಜಿನ್‌ಗಳನ್ನೇ ಹಾಕಿ. ಮೊದಲ ಹಂತಕ್ಕೆ 12 ಸಾಕು, 216 ಆಯಿತು. ಐದು ನಿಮಿಷದೊಳಗೆ ಪೂರ್ಣ ಲೋಡ್. ಒಂದು ಕೆಟ್ಟರೆ ಗ್ರಿಡ್‌ಗೆ ತಿಳಿಯುವುದೂ ಇಲ್ಲ. ಅರ್ಧ ಉತ್ಪಾದನೆ ಸಾಕಾದಾಗ ಆರನ್ನು ನಿಲ್ಲಿಸಿ, ಉಳಿದ ಆರು ಪೂರ್ಣ ದಕ್ಷತೆಯಲ್ಲೇ ಓಡುತ್ತವೆ. ಶೇ. 48 ದಕ್ಷತೆ ಎಂದರೂ ಬಿಲ್ಲಿನ ಲೆಕ್ಕದಲ್ಲಿ ಯೂನಿಟ್‌ಗೆ 7.9 ಸೆಂಟ್.

ಟರ್ಬೈನ್_ಪಾಲಕ:
ಉರಿಯದೆ ಹೊಗೆಯ ಜೊತೆ ಹೊರಹೋಗುವ ಮೀಥೇನ್ ಎಂಜಿನ್‌ನಲ್ಲಿ ಜಾಸ್ತಿ, ಲೂಬ್ ಆಯಿಲ್ ಖರ್ಚೂ ಜಾಸ್ತಿ. ಹಗಲೂ ರಾತ್ರಿ ಓಡಿಸುವುದಾದರೆ ನಾನು ಇನ್ನೂ ಟರ್ಬೈನ್ ಪರವೇ. ಆದರೆ ಎರಡು ಚಿಕ್ಕ ಗ್ಯಾಸ್ ಟರ್ಬೈನ್, ಒಂದು ಸ್ಟೀಮ್ ಟರ್ಬೈನ್ ಇರಲಿ. ಮೊದಲು ಗ್ಯಾಸ್ ಟರ್ಬೈನ್‌ಗಳನ್ನು ಓಪನ್ ಸೈಕಲ್‌ನಲ್ಲಿ ನಡೆಸಿ, ಮುಂದೆ ಹೊಗೆಯ ಬಿಸಿಯಿಂದ ಹಬೆ ಮಾಡುವ ಬಾಯ್ಲರ್‌ಗೆ ಜಾಗ, ಬಾಯ್ಲರ್ ತಪ್ಪಿಸಿ ಹೊಗೆ ಬಿಡುವ ಬೈಪಾಸ್ ಚಿಮಣಿ, ಹೊಗೆಯ ದಾರಿ ಬದಲಿಸುವ ಡೈವರ್ಟರ್ ಡ್ಯಾಂಪರ್ ಮೊದಲೇ ಕಟ್ಟಿಸಿ. ಬಿಟ್ಟರೆ ಮುಂದೆ ಸ್ಟೀಮ್ ಸೇರಿಸುವಾಗ ಇಡೀ ಸ್ಥಾವರವನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಾಗುತ್ತದೆ.

ಗ್ಯಾಸ್‌ಲೈನ್:
ಯಂತ್ರದ ಜಗಳಕ್ಕಿಂತ ದೊಡ್ಡದು ಹಡಗಿನ ಲೆಕ್ಕ. 450 ಪೂರ್ಣ ಲೋಡಿಗೆ ದಿನಕ್ಕೆ ಸುಮಾರು 20 ಲಕ್ಷ ಘನ ಮೀಟರ್ ಗ್ಯಾಸ್, ದ್ರವ ರೂಪದಲ್ಲಿ 3,200 ಘನ ಮೀಟರ್. ಎಲ್‌ಎನ್‌ಜಿಯನ್ನು ಮತ್ತೆ ಅನಿಲ ಮಾಡುವ ದೊಡ್ಡ ತೇಲುವ ಟರ್ಮಿನಲ್ ಒಂದು ದಿನಕ್ಕೆ 1.4 ಕೋಟಿ ಘನ ಮೀಟರ್ ಕೊಡಬಲ್ಲದು. ಏಳನೇ ಒಂದು ಭಾಗ ಬಳಸಿ ಪೂರ್ತಿ ಬಾಡಿಗೆ ಕಟ್ಟುತ್ತೀರಿ. 1,60,000 ಘನ ಮೀಟರ್ ಹಡಗು ಪೂರ್ಣ ಲೋಡಿಗೇ 50 ದಿನ ಬರುತ್ತದೆ. ಮಳೆಗಾಲದಲ್ಲಿ ಸ್ಥಾವರ ನಿಂತಾಗಲೂ ಟ್ಯಾಂಕ್‌ನಲ್ಲಿ ದಿನಕ್ಕೆ ಶೇ. 0.1ರಿಂದ 0.15 ಆವಿಯಾಗುತ್ತಲೇ ಇರುತ್ತದೆ. ಅದನ್ನು ಉರಿಸಬೇಕು, ಇಲ್ಲವೇ ಮತ್ತೆ ದ್ರವ ಮಾಡಬೇಕು.

ಇದರ ಮೇಲೆ ಟೇಕ್ ಆರ್ ಪೇ. ವರ್ಷದ ಒಪ್ಪಂದ ಪ್ರಮಾಣದ ಶೇ. 80–90ರಷ್ಟು ತೆಗೆದುಕೊಂಡರೂ ಬಿಟ್ಟರೂ ಹಣ ಕಟ್ಟಬೇಕು. ಅಣೆಕಟ್ಟುಗಳು ಕೋಡಿ ಬಿದ್ದು ನೀರು ಪೋಲಾಗುತ್ತಿರುವಾಗ ಡಾಲರ್ ಕೊಟ್ಟು ಗ್ಯಾಸ್ ಉರಿಸುವ ಪಾಡು ಯಾವ ದೇಶಕ್ಕೂ ಬೇಡ. ಗ್ಯಾಸ್ ಒಪ್ಪಂದದ ಕನಿಷ್ಠ ಪ್ರಮಾಣ ಬೇಸಿಗೆಯ ಉತ್ಪಾದನೆಗೆ ಹೊಂದಬೇಕು, ಮಿಕ್ಕಿದ್ದನ್ನು ಮುಂದಿನ ವರ್ಷಕ್ಕೆ ಒಯ್ಯುವ ಷರತ್ತು ಬರೆಸಿಕೊಳ್ಳಬೇಕು.

ಯೋಜನಾ_ಲೆಕ್ಕ:
ದೀರ್ಘ ಒಪ್ಪಂದವಿಲ್ಲದೆ, ಸ್ಪಾಟ್‌ನಲ್ಲಿ (ಆ ಹೊತ್ತಿನ ಮಾರುಕಟ್ಟೆ ಬೆಲೆಗೆ) ಬೇಕಾದಾಗ ಕೊಂಡರೆ?

ಗ್ಯಾಸ್‌ಲೈನ್:
2022ರಲ್ಲಿ ಬೆಲೆ ಏರಿದಾಗ ಬಾಂಗ್ಲಾದೇಶ ಸ್ಪಾಟ್ ಖರೀದಿಯನ್ನೇ ನಿಲ್ಲಿಸಿತು. ಪಾಕಿಸ್ತಾನ ಟೆಂಡರ್ ಕರೆದರೂ ಬಿಡ್ ಬರಲಿಲ್ಲ. ಪೈಪ್‌ಲೈನ್ ಇದ್ದರೂ ಅಭಯವಿಲ್ಲ: 2012ರಲ್ಲಿ ಟೋಗೋ ಕರಾವಳಿಯಲ್ಲಿ ಹಡಗಿನ ಲಂಗರು ಸಿಕ್ಕಿ ಪಶ್ಚಿಮ ಆಫ್ರಿಕಾ ಗ್ಯಾಸ್ ಪೈಪ್‌ಲೈನ್ ಹಾನಿಗೊಂಡಿತು, ಘಾನಾದಲ್ಲಿ ತಿಂಗಳುಗಟ್ಟಲೆ ಕರೆಂಟ್ ಕಡಿತ.

ಎಂಜಿನ್_ಕೊಠಡಿ:
ಗ್ಯಾಸ್, ಡೀಸೆಲ್ ಎರಡರಲ್ಲೂ ಓಡುವ ಡ್ಯುಯಲ್ ಫ್ಯುಯೆಲ್ ಇರಲಿ, ಐದು ದಿನದ ಡೀಸೆಲ್ ಇಟ್ಟುಕೊಳ್ಳಲಿ.

ಟರ್ಬೈನ್_ಪಾಲಕ:
ಇರಲಿ, ಆದರೆ ಕಾಗದದ ಮೇಲಲ್ಲ. ಎರಡು ಕಡೆ ಇದು ಕೈಕೊಡುತ್ತದೆ. ಟರ್ಬೈನ್‌ನಲ್ಲಿ ಡೀಸೆಲ್ ಉರಿಸುವಾಗ ನೈಟ್ರೋಜನ್ ಆಕ್ಸೈಡ್ ತಡೆಯಲು ಹೆಚ್ಚುಕಡಿಮೆ ಇಂಧನದಷ್ಟೇ ತೂಕದ ನೀರು ಸಿಂಪಡಿಸಬೇಕು, ಅದೂ ಡಿಮಿನರಲೈಸ್ಡ್ (ಡಿಎಂ), ಅಂದರೆ ಲವಣ ತೆಗೆದ ನೀರು. 300ರ ಟರ್ಬೈನ್‌ಗೆ ದಿನಕ್ಕೆ ಸಾವಿರ ಟನ್ ಮೀರುತ್ತದೆ. ಬಾಯ್ಲರ್‌ಗೆಂದು ಹಾಕಿದ ಡಿಎಂ ಪ್ಲಾಂಟ್ ಅದರ ಹತ್ತಿರಕ್ಕೂ ಬರುವುದಿಲ್ಲ. ಎರಡನೆಯದು, ಗ್ಯಾಸ್‌ನಲ್ಲಿ ಓಡುವಾಗ ಡೀಸೆಲ್ ಲೈನ್‌ನ ಚೆಕ್ ವಾಲ್ವ್‌ಗಳು (ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವ ಕವಾಟಗಳು) ಟರ್ಬೈನ್ ಶಾಖಕ್ಕೆ ಕಾದು, ಒಳಗೆ ಉಳಿದ ಎಣ್ಣೆ ಗಟ್ಟಿ ಇದ್ದಿಲಾಗುತ್ತದೆ. ಗ್ಯಾಸ್ ಕೈಕೊಟ್ಟ ದಿನ ಡೀಸೆಲ್‌ಗೆ ಬದಲಾಯಿಸಿದರೆ ಕೆಲವು ಬರ್ನರ್‌ಗೆ ಎಣ್ಣೆಯೇ ಹೋಗುವುದಿಲ್ಲ. ಎಕ್ಸಾಸ್ಟ್ ತಾಪಮಾನ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆಯಾಗಿ ಯಂತ್ರ ಟ್ರಿಪ್. ತಿಂಗಳಿಗೊಮ್ಮೆಯಾದರೂ ಲೋಡಿನಲ್ಲಿ ಬದಲಾಯಿಸಿ ನೋಡಬೇಕು. ಆ ಡೀಸೆಲ್ ಖರ್ಚು ಯಾರದ್ದೆಂದು ವಿದ್ಯುತ್ ಖರೀದಿ ಒಪ್ಪಂದದಲ್ಲೇ ಬರೆಯಬೇಕು. ಬರೆಯದಿದ್ದರೆ ಯಾರೂ ಪರೀಕ್ಷೆ ಮಾಡುವುದಿಲ್ಲ.

ಯೋಜನಾ_ಲೆಕ್ಕ:
ಎರಡು ಚಿಕ್ಕ ಟರ್ಬೈನ್, ಹಂತಹಂತವಾಗಿ ಎಂಬುದನ್ನು ಒಪ್ಪುತ್ತೇನೆ. ಎಂಜಿನ್ ಬಗ್ಗೆ ಇನ್ನೂ ಮನಸ್ಸಿಲ್ಲ.

ಗ್ರಿಡ್_ಪಾಳಿ:
ಯಾವುದೇ ಆಗಲಿ, ಪ್ರಸರಣ ಮಾರ್ಗದ ಜಾಗಕ್ಕೆ ಈಗಲೇ ಕೈಹಾಕಿ. ಯಂತ್ರ ಬೇಗ ಸಿಕ್ಕರೆ ಓಪನ್ ಸೈಕಲ್ ಘಟಕ ಒಂದೂವರೆ ವರ್ಷದಲ್ಲಿ ಎದ್ದು ನಿಲ್ಲಬಹುದು. ನೂರಾರು ಗೋಪುರಗಳಿಗೆ ಜಮೀನು ಸಿಗಲು ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಮಾರ್ಗ ಇಲ್ಲದೆ ಸ್ಥಾವರ ಸಿದ್ಧವಾದರೆ ಕರೆಂಟ್ ಕೊಂಡರೂ ಬಿಟ್ಟರೂ ಸ್ಥಾವರಕ್ಕೆ ಕಟ್ಟಬೇಕಾದ ಕೆಪಾಸಿಟಿ ಶುಲ್ಕ ಅವತ್ತಿನಿಂದಲೇ ಶುರು.